ಬೂದಿಯನ್ನು ಕೇಳಿಕೊಂಡು ಬಂದವನು

ನಾಯಿಮನೆಯ ಹಿಂದಿನ ಸಾಲಿನಲ್ಲಿ, ಪುಕ್ಕಲು ನಾಯಿಗಳ ನೀರಿನ ಬಟ್ಟಲು ಬದಲಾಯಿಸುವಾಗ ಸೊಸೆ ಉಸಿರನ್ನೂ ಅಳೆದು ಬಿಡುತ್ತಿದ್ದಳು. ಬಟ್ಟಲಿಗೆ ಬಟ್ಟಲು ತಾಗಿ ಟಣ್ ಎಂದರೆ ಸಾಕು, ಆ ಸಾಲಿನ ನಾಯಿಗಳೆಲ್ಲ ಗೋಡೆಗೆ ಅಂಟಿಕೊಂಡುಬಿಡುತ್ತವೆ. ಆಮೇಲೆ ಮಧ್ಯಾಹ್ನದವರೆಗೆ ಒಂದೂ ಊಟಕ್ಕೆ ಬಾಯಿ ಹಾಕುವುದಿಲ್ಲ. ಅದಕ್ಕೇ ಅವಳು ಬಕೆಟ್ಟಿನ ಹಿಡಿಗೆ ಬಟ್ಟೆ ಸುತ್ತಿದ್ದಳು. ಚಪ್ಪಲಿ ಬಾಗಿಲ ಹೊರಗೇ ಬಿಟ್ಟಿದ್ದಳು. ಹಳೆಯ ನೀರನ್ನು ಚೆಲ್ಲದೆ ಸ್ಪಂಜಿನಲ್ಲಿ ಹೀರಿ ತೆಗೆದು, ಬಟ್ಟಲು ಒರೆಸಿ, ಹೊಸ ನೀರನ್ನು ಅಂಚಿನಿಂದ ಜಾರಿಸಿ ತುಂಬುತ್ತಿದ್ದಳು. ಯಾವ ಗೂಡಿನ ಮುಂದೆಯೂ ನಾಯಿಯ ಕಡೆಗೆ ಮುಖ ಮಾಡುತ್ತಿರಲಿಲ್ಲ. ಬೆನ್ನು ಕೊಟ್ಟು ಕೂತು, ಕೈಯನ್ನು ಹಿಂದಕ್ಕೆ ಚಾಚಿ, ಬಟ್ಟಲನ್ನು ಒಳಗೆ ಸರಿಸುತ್ತಿದ್ದಳು. ಅಷ್ಟೇ ಅವಳ ಬೆಳಗಿನ ಮಾತುಕತೆ.

ಕೊನೆಯ ಗೂಡಿನಲ್ಲಿ ಬೂದಿ ಇದ್ದಳು. ಒಲೆ ಆರಿದ ಮೇಲೆ ಉಳಿಯುವ ಬಣ್ಣದ ಹೆಣ್ಣುನಾಯಿ, ಒಂದು ಕಿವಿ ತುದಿಯಲ್ಲಿ ಹರಿದಿತ್ತು. ಮೂಲೆಗೆ ಒರಗಿಸಿಟ್ಟ ಹಲಗೆಯ ಹಿಂದೆ ಅವಳ ವಾಸ. ಹಗಲಿನಲ್ಲಿ ಅವಳು ಇದ್ದಾಳೆ ಎನ್ನುವುದಕ್ಕೆ ಹಲಗೆಯ ಕೆಳಗೆ ಕಾಣುವ ನಾಲ್ಕು ಉಗುರುಗಳೇ ಸಾಕ್ಷಿ.

ಈ ನಾಯಿಮನೆ ಬಸ್ ಡಿಪೋದ ಹಿಂದಿನ ಒಂದು ಹಳೆಯ ಗೋದಾಮು. ನಡೆಸುವವಳು ಸೊಸೆಯ ಅತ್ತೆ. ನಿವೃತ್ತಿಯಾಗುವವರೆಗೂ ಬಸ್ಸಿನಲ್ಲಿ ಟಿಕೆಟ್ ಹರಿದವಳಾದ್ದರಿಂದ ಊರಿಗೆಲ್ಲ ಅವಳು ಕಂಡಕ್ಟರಮ್ಮ. ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿತ್ತು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ಹೀಗಾಗಿ ತಾನೇ ಕಟ್ಟಿದ ನಾಯಿಮನೆಯ ಹಿಂದಿನ ಸಾಲಿಗೆ ಅವಳಿಗೇ ಪ್ರವೇಶವಿರಲಿಲ್ಲ. "ನನ್ನ ಬಸ್ಸಲ್ಲಿ ನನಗೇ ಸೀಟಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಬೂದಿಯನ್ನು ಎರಡು ಸಲ ಮನೆಗೆ ಕೊಟ್ಟಾಗಿತ್ತು, ಎರಡು ಸಲವೂ ಅವಳು ವಾಪಸ್ಸು ಬಂದಿದ್ದಳು. ಮೊದಲ ಮನೆಯವರು, "ನಾವು ನೋಡ್ತಿದ್ರೆ ತಿನ್ನೋದೇ ಇಲ್ಲ, ನಮಗೆ ಅವಮಾನ ಆಗುತ್ತೆ" ಎಂದು ತಂದು ಬಿಟ್ಟರು. ಎರಡನೆಯವನು ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಗೇಟಿಗೆ ಕಟ್ಟಿ ಹೋಗಿದ್ದ. ಬೂದಿಯ ಕುತ್ತಿಗೆಯಲ್ಲಿ ಕೂದಲು ಉದುರಿ, ಹಗ್ಗದ ಅಗಲಕ್ಕೆ ಚರ್ಮ ಕೆಂಪಗೆ ಕಾಣುತ್ತಿತ್ತು. ಅವನನ್ನು ಒಪ್ಪಿದವಳು ಕಂಡಕ್ಟರಮ್ಮ. "ಮುಖ ನೋಡಿದ್ರೆ ಗೊತ್ತಾಗುತ್ತೆ ಕಣೇ, ಎಷ್ಟು ಜನಾನ ನೋಡಿಲ್ಲ ನಾನು" ಎಂದಿದ್ದಳು. ಆ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದಾಗ ಸೊಸೆಯ ಮನಸ್ಸಿನಲ್ಲಿ ಹೊಕ್ಕ ಹುಳ ಇನ್ನೂ ಹೊರಬಿದ್ದಿರಲಿಲ್ಲ. ಅಂದಿನಿಂದ ಬಂದವರ ಮನೆ ನೋಡಿಕೊಂಡು ಬರುವ ಕೆಲಸವನ್ನು ಅವಳು ಕೇಳಿ ಪಡೆದಳು. ಮಾತಾಡಲು ನಾಚುವವಳು, ಬಾಗಿಲು ತಟ್ಟಲೂ ಎರಡು ಸಲ ಯೋಚಿಸುವವಳು, ಈ ಒಂದು ಕೆಲಸಕ್ಕೆ ಮಾತ್ರ ಹಟ ಹಿಡಿದಳು.

ಈಗೀಗ ಬೂದಿ ಸೊರಗುತ್ತಿದ್ದಳು. ಮುಂದಿನ ಸಾಲಿನ ಗಲಾಟೆಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದ್ದಕ್ಕೆ ಊಟವಿಲ್ಲ. ನಾಯಿಗಳ ಡಾಕ್ಟರು ಹಲಗೆಯ ಹಿಂದೆ ಬಗ್ಗಿ ನೋಡಿ, "ಇವಳಿಗೆ ಮದ್ದು ಬೇಡ, ಮನೆ ಬೇಕು. ಬೇಗ ಬೇಕು" ಎಂದು ಹೇಳಿ ಹೋಗಿದ್ದರು. ಬೇಗ ಬೇಕು ನಿಜ. ಮೂರನೆಯ ಸಲವೂ ಕೆಟ್ಟ ಮನೆ ಸಿಕ್ಕರೆ ಅವಳು ಹಲಗೆಯ ಹಿಂದಿನಿಂದ ಇನ್ನೆಂದೂ ಹೊರಗೆ ಬರುವುದಿಲ್ಲ ಎನ್ನುವುದೂ ಸೊಸೆಗೆ ಅಷ್ಟೇ ನಿಜವಾಗಿತ್ತು.

ಆ ಬೆಳಿಗ್ಗೆ ಕೊನೆಯ ಬಟ್ಟಲನ್ನು ಸರಿಸುತ್ತಿದ್ದಾಗಲೇ ಮುಂದಿನ ಸಾಲು ಬೊಗಳತೊಡಗಿತು. ಯಾರೋ ಬಂದಿದ್ದರು. ಸೊಸೆ ಬಕೆಟ್ ಎತ್ತಿಕೊಂಡು ಬಂದು, ತಿಂಡಿ ಮೂಟೆಗಳ ಮರೆಯಲ್ಲಿ ನಿಂತಳು. ಬಂದವರಿಗೆ ಅವಳು ಕಾಣುವುದಿಲ್ಲ, ಅವಳಿಗೆ ಬಂದವರ ಬೆರಳ ಉಗುರೂ ಕಾಣುತ್ತದೆ. ಅದು ಅವಳ ಜಾಗ.

ಐವತ್ತರ ಆಚೀಚಿನ ಗಂಡಸು. ಹೆಗಲ ಮೇಲೆ ಕಪ್ಪು ಜಿಡ್ಡು ಹಿಡಿದ ಟವೆಲ್. ಬೆರಳುಗಳ ತುದಿಯೂ ಕಪ್ಪು.

"ಬೊಗಳದ ನಾಯಿ ಇದ್ಯಾ?" ಎಂದು ಕೇಳಿದ.

"ಕೂಗದ ಕಂಡಕ್ಟರ್ ಇದ್ದಾಳಾ ಅಂತ ಕೇಳಿದ ಹಾಗಾಯ್ತು" ಎಂದಳು ಕಂಡಕ್ಟರಮ್ಮ. "ಏನು ಕೆಲಸ ನಿಮ್ದು?"

"ಬೀಗ ರಿಪೇರಿ. ಕೀ ಕಳ್ಕೊಂಡ್ರೆ ಹೋಗಿ ಬಾಗಿಲು ತೆಗೆದುಕೊಡ್ತೀನಿ."

"ಓಹೋ. ಎಲ್ಲರ ಮನೇಲೂ ಬೊಗಳೋ ನಾಯಿ ಇದ್ರೆ ನಿಮ್ಮ ಬೀಗ ಯಾರಿಗೆ ಬೇಕು, ಅದಕ್ಕಾ?"

ತನ್ನ ಮಾತಿಗೆ ತಾನೇ ನಕ್ಕಳು. ಅವನು ನಗಲಿಲ್ಲ. ಯೋಚಿಸಿ, ನಿಧಾನವಾಗಿ ಹೇಳಿದ.

"ನನ್ನ ಹತ್ರ ಬರೋರು ಕೀ ಕಳ್ಕೊಂಡು, ಮನೆ ಹೊರಗೆ ನಿಂತು ನಿಂತು, ತಲೆ ಕೆಟ್ಟೇ ಬಂದಿರ್ತಾರೆ. ಅವರ ಮೇಲೆ ನಾಯಿನೂ ಬೊಗಳಿದ್ರೆ ಹೇಗೆ?"

ಕಂಡಕ್ಟರಮ್ಮನಿಗೆ ಆ ಉತ್ತರ ಬಹಳ ಹಿಡಿಸಿತು. ಮೂಟೆಯ ಮರೆಯಲ್ಲಿದ್ದವಳಿಗೆ ಹಿಡಿಸಲಿಲ್ಲ. ಬೀಗ ತೆಗೆಯುವವನಿಗೆ ಬೊಗಳದ ನಾಯಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಷ್ಟೂ ಅವಳಿಗೆ ಕಸಿವಿಸಿ ಹೆಚ್ಚಿತು.

"ಮನೇಲಿ ಯಾರ್ಯಾರಿದ್ದೀರಿ?"

"ನಾನೇ."

"ಹೆಂಡ್ತಿ?"

"ಇದ್ದಳು."

ಕಂಡಕ್ಟರಮ್ಮ "ಅಯ್ಯೋ ಪಾಪ" ಎಂದು ಹಲ್ಲಿಯಂತೆ ಲೊಚಗುಟ್ಟಿದಳು. ಸೊಸೆ ಮಾತ್ರ, ಇದ್ದಳು ಅಂದರೆ ಸತ್ತಳೋ, ಓಡಿಹೋದಳೋ, ಓಡಿಹೋದರೆ ಯಾಕೆ ಓಡಿಹೋದಳೋ ಎಂದು ಮೂಟೆಯ ಹೊಲಿಗೆಯನ್ನು ಉಗುರಿನಿಂದ ಕೀಳುತ್ತ ನಿಂತಳು.

"ಮೊದಲು ನಾಯಿ ಸಾಕಿದ್ರಾ?"

"ಇಲ್ಲ. ನಾಯಿ ಜೊತೆ ಹೇಗಿರಬೇಕು ಅಂತ ಗೊತ್ತಿಲ್ಲ. ಸುಮ್ನೆ ಇರೋದು ಹೇಗೆ ಅಂತ ಗೊತ್ತು."

ಸರಿ, ಹಿಂದಿನ ಸಾಲಿಗೆ ಕರೆದುಕೊಂಡು ಹೋಗಲು ಸೊಸೆ ಮರೆಯಿಂದ ಈಚೆ ಬರಲೇಬೇಕಾಯಿತು. ಚಪ್ಪಲಿ ಬಿಡಿ ಎಂದು ಕೈ ತೋರಿಸಿದಳು, ಬಿಟ್ಟ. ಬೂದಿಯ ಗೂಡಿಗೆ ಬೆನ್ನು ಮಾಡಿ ಕೂರಿ ಎಂದು ನೆಲ ತೋರಿಸಿದಳು, ಕೂತ. ಸಾಮಾನ್ಯವಾಗಿ ಜನ ಹೀಗೆ ಕೂತರೆ ಸ್ವಲ್ಪ ಹೊತ್ತಿಗೇ ಕತ್ತು ಹೊರಳಿಸುತ್ತಾರೆ, ಫೋನ್ ತೆಗೆಯುತ್ತಾರೆ, ಕೆಮ್ಮುತ್ತಾರೆ, ಕಾಲು ಜೋಮು ಹಿಡಿಯಿತು ಎನ್ನುತ್ತಾರೆ. ಇವನು ಕಲ್ಲಿನ ಹಾಗೆ ಕೂತ. ರೆಪ್ಪೆ ಬಿಟ್ಟರೆ ಏನೂ ಅಲುಗಲಿಲ್ಲ. ಬಿಸಿಲು ಒಂದು ಗೂಡಿನಿಂದ ಮುಂದಿನ ಗೂಡಿಗೆ ಸರಿದರೂ ಕೂತೇ ಇದ್ದ. ಹಲಗೆಯ ಕೆಳಗೆ ಉಗುರುಗಳ ಜೊತೆಗೆ ಮೂಗಿನ ತುದಿಯೂ ಒಂದಿಷ್ಟು ಕಂಡು ಮಾಯವಾಯಿತು.

ಬೇರೆ ಯಾರಾದರೂ ಆಗಿದ್ದರೆ ಸೊಸೆ ಖುಷಿಪಡುತ್ತಿದ್ದಳೋ ಏನೋ. ಆದರೆ ಇಷ್ಟು ಸದ್ದಿಲ್ಲದೆ ಕೂರುವುದನ್ನು ಒಬ್ಬ ಮನುಷ್ಯ ಎಲ್ಲಿ ಕಲಿತ? ಯಾರ ಮನೆಯ ಯಾವ ಕತ್ತಲಲ್ಲಿ, ಯಾರು ಮಲಗಲಿ ಎಂದು ಕಾಯುತ್ತ ಕಲಿತ? 

ಹೊರಗೆ ಬಂದ ಮೇಲೆ ಕಂಡಕ್ಟರಮ್ಮ ತನ್ನ ಪದ್ಧತಿ ವಿವರಿಸಿದಳು. "ಇಂಥ ನಾಯಿಗಳನ್ನ ಎತ್ತಿ ಕೊಡೋಕಾಗಲ್ಲ ನೋಡಿ. ಮೊದಲು ನಿಮ್ಮ ಮೈಮೇಲಿನ ಬಟ್ಟೆ ಒಂದು ಬಿಟ್ಟುಹೋಗಿ. ಅದರ ಮೇಲೆ ಅವಳು ಕೆಲವು ದಿನ ಮಲಗಲಿ. ಮನುಷ್ಯನಿಗಿಂತ ಮುಂಚೆ ವಾಸನೆ ಬರಬೇಕು. ಆಮೇಲೆ ನೀವು ಬಂದಾಗ, ಓ ಇವನಾ, ಗೊತ್ತಿರೋನೇ ಅಂತ ಅವಳಿಗೆ ಅನ್ನಿಸುತ್ತೆ."

ಅವನು ಹೆಗಲಿನ ಟವೆಲ್ ತೆಗೆದು ಕೊಟ್ಟ. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಮರಿಗಳ ಬುಟ್ಟಿ ಇಟ್ಟು ಓಡುತ್ತಿದ್ದರು. ಕಂಡಕ್ಟರಮ್ಮ ಟವೆಲನ್ನು ಸೊಸೆಯ ಕೈಗೆ ತುರುಕಿ, "ಬೂದಿ ಹತ್ರ ಹಾಕು" ಎಂದವಳೇ, "ಏಯ್, ನಿಂತ್ಕೊಳ್ರೀ" ಎಂದು ಬಸ್ಸು ಹತ್ತಿ ಟಿಕೆಟ್ ಕೊಳ್ಳದವರನ್ನು ಹಿಡಿಯುವ ಹಾಗೆ ಓಡಿದಳು.

ಸೊಸೆ ಟವೆಲನ್ನು ಎರಡು ಬೆರಳಲ್ಲಿ ಹಿಡಿದಳು. ಇಂಥ ಬಟ್ಟೆಗಳನ್ನು ಯಾವಾಗಲೂ ಅತ್ತೆಯೇ ಈಸಿಕೊಂಡು, ಅದೊಂದಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡು ಹಿಂದಿನ ಸಾಲಿಗೆ ಹೋಗಿ, ಗೂಡಿನ ಬಾಗಿಲಿನಿಂದ ಒಳಗೆ ಎಸೆಯುತ್ತಿದ್ದಳು. ಇವಳ ಕೈಗೆ ಬಂದದ್ದು ಇದೇ ಮೊದಲು. ಕಬ್ಬಿಣದ ಪುಡಿ, ಎಣ್ಣೆ, ಬೆವರು, ಇನ್ನೇನೋ. ನಾಯಿ ನೆಕ್ಕಿದರೆ ಏನು ಗತಿ? ಅದರಲ್ಲಿ ಏನು ಬೆರೆತಿದೆಯೋ ಯಾರಿಗೆ ಗೊತ್ತು? ಹಿಂದೊಮ್ಮೆ ಯಾರೋ ದಾನ ಕೊಟ್ಟ ಕಂಬಳಿಯಿಂದ ಕಾಯಿಲೆ ಹತ್ತಿ ಮರಿಗಳೆಲ್ಲ ಸತ್ತ ಮೇಲೆ, ಹೊರಗಿನದು ಏನೇ ಬಂದರೂ ಔಷಧಿ ನೀರಿನಲ್ಲಿ ಅದ್ದಿಯೇ ಒಳಗೆ ತರಬೇಕು ಎನ್ನುವುದು ಸೊಸೆಯ ಕೈಗೇ ಹತ್ತಿದ ಪಾಠ. ಕೈ ತಾನಾಗಿ ಬಕೆಟ್ಟಿಗೆ ಇಳಿಯಿತು. ನೆನೆಸಿ, ಸೋಪು ಹಾಕಿ, ಕಲ್ಲಿನ ಮೇಲೆ ಉಜ್ಜಿ, ಮತ್ತೆ ಬಿಸಿನೀರಿನಲ್ಲಿ ಜಾಲಾಡಿಸಿ, ಬಿಸಿಲಿಗೆ ಹಾಕಿದಳು. ಸಂಜೆ ಅದನ್ನು ಮಡಿಸಿ ಬೂದಿಯ ಹಲಗೆಯ ಹಿಂದೆ ತಳ್ಳಿದಳು. ಬೂದಿ ಮೂಸಿ, ಸುತ್ತು ಹಾಕಿ, ಅದರ ಮೇಲೆ ಮಲಗಿದಳು.

ಮಾರನೆಯ ದಿನ ಕಂಡಕ್ಟರಮ್ಮ, "ಆ ಬೀಗದವರ ಮನೆ ನೋಡ್ಕೊಂಡು ಬಾ. ಗಾಳಿ ಬೆಳಕು ಇದ್ಯಾ, ನಾಯಿಗೆ ಜಾಗ ಇದ್ಯಾ, ಅಷ್ಟು ನೋಡು ಸಾಕು" ಎಂದು ಕಳಿಸಿದಳು.

ಅಷ್ಟು ಸಾಲುವುದಿಲ್ಲ ಎಂದು ಸೊಸೆಗೆ ಗೊತ್ತಿತ್ತು. ಬೂದಿಯನ್ನು ಗೇಟಿಗೆ ಕಟ್ಟಿ ಹೋದ ಆ ಹಗ್ಗದವನ ಮನೆಯಲ್ಲೂ ಗಾಳಿ ಬೆಳಕು ಬೇಕಾದಷ್ಟಿತ್ತು.

ಬೀಗದವನ ಅಂಗಡಿ ಒಂದು ಇಕ್ಕಟ್ಟು ಬೀದಿಯ ತಿರುವಿನಲ್ಲಿತ್ತು. ಎದುರಿಗೆ ಲಾಂಡ್ರಿ, ಪಕ್ಕದಲ್ಲಿ ಚಪ್ಪಲಿ ಹೊಲಿಯುವವನ ಪೆಟ್ಟಿಗೆ, ಅದರಾಚೆ ಪೇಪರ್ ಅಂಗಡಿ. ಸೊಸೆ ಮೊದಲು ಅವನ ಅಂಗಡಿಗೆ ಹೋಗಲಿಲ್ಲ, ಲಾಂಡ್ರಿಗೆ ಹೋದಳು. ಇಸ್ತ್ರಿಪೆಟ್ಟಿಗೆ ಹಿಡಿದಿದ್ದ ಹೆಂಗಸು ದಪ್ಪ ಕನ್ನಡಕದೊಳಗಿಂದ ನೋಡಿದಳು.  ನಾಯಿಮನೆ, ಹಲಗೆ, ಹಗ್ಗದ ಗಾಯ, ಇದನ್ನೆಲ್ಲ ಅಪರಿಚಿತಳ ಮುಂದೆ ಬಿಡಿಸಿ ಹೇಳುವಷ್ಟು ಮಾತು ಸೊಸೆಯಲ್ಲಿ ಇರಲಿಲ್ಲ. ಇದ್ದ ಮಾತನ್ನೆಲ್ಲ ಕೇಳುವುದಕ್ಕೇ ಬಳಸಿದಳು.

"ಆ ಬೀಗದವರು ಹೇಗೆ?"

"ಹೇಗೆ ಅಂದ್ರೆ?"

"ರಾತ್ರಿ ಹೊತ್ತು ಹೊರಗೆ ಹೋಗ್ತಾರಾ?"

ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ನಿಂತಿತು. "ಕೀ ಕಳ್ಕೊಂಡೋರು ಕರೆದ್ರೆ ಹೋಗ್ತಾನೆ. ಯಾಕಮ್ಮಾ?"

"ಮನೆ ಒಳಗಿಂದ ಏನಾದ್ರೂ ಕೇಳುತ್ತಾ? ಕಿರುಚೋದು, ಹೊಡೆಯೋದು... ಹೆಂಡ್ತಿ ಇದ್ದಾಗ?"

"ಅಂಥದ್ದೇನೂ ಇಲ್ಲಪ್ಪ... ಅಂದ್ರೆ, ನಾನಂತೂ ಕೇಳಿಲ್ಲ. ಅವನು ಮಾತೇ ಆಡಲ್ಲ. ಯಾಕೆ, ಏನಾಗಿದೆ?"

"ಏನಿಲ್ಲ. ಸುಮ್ನೆ."

ಅಂಗಿ ಸುಡುವ ವಾಸನೆ ಬಂತು. ಲಾಂಡ್ರಿಯವಳು ಪೆಟ್ಟಿಗೆಯನ್ನು ಸರಕ್ಕನೆ ಎತ್ತಿದಳು, ಆದರೆ ಕಣ್ಣು ಸೊಸೆಯ ಮೇಲೇ ಇತ್ತು. ಸೊಸೆ ಚಪ್ಪಲಿಯವನ ಹತ್ತಿರ ಅದನ್ನೇ ಕೇಳಿದಳು, ಪೇಪರ್ ಅಂಗಡಿಯಲ್ಲಿ ಅದನ್ನೇ ಕೇಳಿದಳು. ಯಾಕೆ ಎಂದಾಗಲೆಲ್ಲ 'ಸುಮ್ನೆ' ಎಂದಳು. ಅವಳಿಗೆ ಸಲೀಸಾಗಿ ಬರುತ್ತಿದ್ದ ಮಾತು ಅದೊಂದೇ.

ಆಮೇಲೆ ಬೀಗದವನ ಬಾಗಿಲಿಗೆ ಹೋದಳು. "ಬನ್ನಿಮ್ಮಾ" ಎಂದು ಕರೆದ. ಅಂಗಡಿಯ ಹಿಂದೆಯೇ ಮನೆ. ಗೋಡೆ ತುಂಬ ಮೊಳೆ, ಮೊಳೆಗೆಲ್ಲ ಕೀಗೊಂಚಲು, ಗಾಳಿಗೆ ಸಣ್ಣಗೆ ಉಲಿಯುತ್ತಿದ್ದವು. ಕೆಲಸದ ಮೇಜಿನ ಕೆಳಗೆ ಅವನು ಒಂದು ಹಳೆಯ ಹಾಸಿಗೆಯ ತುಂಡು ಹಾಸಿ, ಮೂರು ಕಡೆಗೆ ರಟ್ಟು ಕಟ್ಟಿ, ಮುಂದೆ ಅರ್ಧ ಪರದೆ ಬಿಟ್ಟಿದ್ದ. "ಹಲಗೆ ಹಿಂದೆ ಇರ್ತಾಳಲ್ಲ, ಅದಕ್ಕೆ" ಎಂದ. ನೀರಿನ ಬಟ್ಟಲು ರಬ್ಬರಿನದು. ಸದ್ದಾಗದಂಥದು. ಇಷ್ಟೆಲ್ಲ ಇವನಿಗೆ ಹೇಗೆ ಹೊಳೆಯಿತು? ಒಳ್ಳೆಯದನ್ನು ಕಂಡಷ್ಟೂ ಅವಳ ಅನುಮಾನ ಬಲಿಯಿತು. ಮರೆಮಾಚುವವನೇ ಅಲ್ಲವೇ ಇಷ್ಟು ಅಚ್ಚುಕಟ್ಟಾಗಿರುವುದು?

ಮನೆಯ ಕೊನೆಗೆ ಇನ್ನೊಂದು ಬಾಗಿಲಿತ್ತು. ಅದಕ್ಕೆ ಮೇಲೊಂದು, ಕೆಳಗೊಂದು ಬೀಗ.

"ಅದರೊಳಗೇನಿದೆ?"

"ಅದು ಬೇಡಮ್ಮಾ."

"ನಾಯಿ ಇರೋ ಮನೆ. ನೋಡ್ಬೇಕು."

"ಅಲ್ಲಿರೋದು ನನ್ನದಲ್ಲ. ತೋರಿಸೋ ಹಾಗಿಲ್ಲ."

ಅಷ್ಟು ಹೇಳಿ ಅವನು ಮೇಜಿನ ಕಡೆ ತಿರುಗಿದ. ಸೊಸೆ ಹೊರಟಳು. ಮನೆಗೆ ಬಂದು, "ಗಾಳಿ ಬೆಳಕು ಇದೆ. ಆದ್ರೆ ಒಂದು ರೂಮು ತೋರಿಸಲಿಲ್ಲ" ಎಂದಳು.

"ನಿನ್ನ ಕಪಾಟು ನೀನು ನನಗೆ ತೋರಿಸ್ತೀಯಾ?" ಎಂದಳು ಕಂಡಕ್ಟರಮ್ಮ.

"ಅವರು ಬೂದಿ ಗೂಡಿನ ಮುಂದೆ ಸುಮ್ನೆ ಕೂತಿದ್ರಲ್ಲ ಅತ್ತೆ, ಅದೇ ನನಗೆ ಹಿಡಿಸಲಿಲ್ಲ."

"ಮಾತಾಡಿದ್ರೆ ವಾಚಾಳಿ ಅಂತೀಯ, ಸುಮ್ನಿದ್ರೆ ಕಳ್ಳ ಅಂತೀಯ. ನಿನ್ನ ನೋಡೋಕೆ ಬಂದಾಗ ನೀನು ಬಾಯೇ ಬಿಡಲಿಲ್ಲ. ನಾನೇನಾದ್ರೂ ಅನುಮಾನ ಪಟ್ನಾ?"

ಸೊಸೆ ತಲೆ ತಗ್ಗಿಸಿದಳು. ಉತ್ತರ ಇತ್ತು, ಆಡಲಿಲ್ಲ. ನೀವು ಯಾರ ಮೇಲೂ ಅನುಮಾನ ಪಡದೆ ಇದ್ದದ್ದಕ್ಕೇ ಅಲ್ಲವೇ ಬೂದಿಯ ಕುತ್ತಿಗೆಯಲ್ಲಿ ಇನ್ನೂ ಕೂದಲು ಹುಟ್ಟಿಲ್ಲ?

ಬೂದಿ ಟವೆಲಿನ ಮೇಲೆ ಮಲಗುತ್ತ ವಾರ ಕಳೆದು ಇನ್ನೂ ಮೇಲಾಯಿತು. ಕಂಡಕ್ಟರಮ್ಮ ಬೀಗದವನಿಗೆ ಫೋನ್ ಮಾಡಿ ಬರಹೇಳಿದಳು. ಈ ಪದ್ಧತಿ ತಪ್ಪಿದ್ದೇ ಇಲ್ಲ. ಎಂಥ ಪುಕ್ಕಲು ನಾಯಿಯಾದರೂ ಅಷ್ಟು ದಿನದ ಮೇಲೆ ಆ ಮನುಷ್ಯ ಬಂದಾಗ ಮೂಗು ಮುಂದೆ ಮಾಡುತ್ತದೆ. ಕೆಲವು ಎದ್ದು ಬಂದು ಬೆನ್ನಿಗೆ ಒರಗುವುದೂ ಉಂಟು.

ಅವನು ಬಂದ. ಮೊದಲಿಗಿಂತ ಮುಖ ಇಳಿದುಹೋಗಿತ್ತು. ಚಪ್ಪಲಿ ಬಿಟ್ಟು ಬಂದು, ಗೂಡಿನ ಒಳಗೇ ಹೋಗಿ, ಬೆನ್ನು ಮಾಡಿ ಕೂತ. ಹೆಗಲ ಮೇಲೆ ಬೇರೊಂದು ಟವೆಲಿತ್ತು, ಅದೂ ಕಪ್ಪು. ಬೂದಿಯ ಮೂಗು ಹಲಗೆಯ ಆಚೆ ಬಂತು. ಗಾಳಿಯನ್ನು ಎಳೆದುಕೊಂಡಿತು. ಮರುಕ್ಷಣ ಅವಳು ಹಲಗೆಯನ್ನೇ ಬೀಳಿಸಿ ಗೋಡೆಯ ಮೂಲೆಗೆ ಒತ್ತಿಕೊಂಡಳು. ಮೈಯೆಲ್ಲ ನಡುಗಿ, ಕಾಲ ಕೆಳಗೆ ಉಚ್ಚೆ ಹರಿಯಿತು. ಕಣ್ಣಿನ ಬಿಳಿ ಕಂಡಿತು.

 ಇಷ್ಟು ದಿನ ಅವನ ಬಟ್ಟೆಯ ಮೇಲೆ ಮಲಗಿದ ನಾಯಿ ಅವನು ಬಂದದ್ದೇ ಉಚ್ಚೆ ಹೊಯ್ದುಕೊಳ್ಳುವುದೆಂದರೆ ಅರ್ಥ ಒಂದೇ. ಸೊಸೆ ಹಿಂದಿನ ಸಾಲಿನ ನಿಯಮವನ್ನೇ ಮರೆತು ಬಾಯಿ ಬಿಟ್ಟಳು.

"ಏಳಿ. ಹೊರಗೆ ಬನ್ನಿ."

ಅವನು ಎದ್ದು ಬಂದ. ಬಾಗಿಲಿನಲ್ಲಿ ಕಂಡಕ್ಟರಮ್ಮ ಕಾಯುತ್ತಿದ್ದಳು.

"ಅತ್ತೆ, ಅವಳು ಇವರನ್ನ ಗುರುತು ಹಿಡಿದಳು. ಇವರು ಅವಳಿಗೆ ಮೊದಲೇ ಏನೋ ಮಾಡಿದ್ದಾರೆ. ಇಲ್ಲಿಗೆ ಬರೋಕೂ ಮುಂಚೆ, ಬೀದೀಲಿ ಇದ್ದಾಗ. ಹಗ್ಗದವನಿಗೆ ಇವರು ಗೊತ್ತೋ ಏನೋ."

"ಏನು ಮಾತು ಅಂತ ಆಡ್ತಿದ್ದೀಯೇ?"

"ನಾಯಿ ಸುಳ್ಳು ಹೇಳಲ್ಲ."

ಬೀಗದವನು ಸೊಸೆಯನ್ನು ನೋಡಿದ. ಸಿಟ್ಟು ಕಾಣಲಿಲ್ಲ. ಸಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ನಾನು ಇವಳನ್ನ ಇಲ್ಲಿ ನೋಡೋಕೆ ಮುಂಚೆ ನೋಡೇ ಇಲ್ಲಮ್ಮಾ" ಎಂದ. ಸ್ವಲ್ಪ ತಡೆದು, "ನೀವೂ ಹಾಗೇ ಅಂದ್ಕೊಂಡ್ರಾ" ಎಂದ. ಆ 'ನೀವೂ' ಯಾಕೆ ಎಂದು ಯಾರಿಗೂ ಅರ್ಥವಾಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದ.

ಕಂಡಕ್ಟರಮ್ಮ ಅಂದೆಲ್ಲ ಮಂಕಾಗಿದ್ದಳು. ತನ್ನ ಮುಖ ಓದುವ ವಿದ್ಯೆ ಮತ್ತೆ ಕೈಕೊಟ್ಟಿತೇ ಎನ್ನುವ ಸಂಕಟ. ಸೊಸೆಗೆ ಒಳಗೊಳಗೇ ಗೆದ್ದ ಹಾಗಿತ್ತು. ಈ ಸಲ ತಾನು ಕಾಪಾಡಿದೆ, ಮುಲಾಮಿನ ಡಬ್ಬಿ ತೆಗೆಯುವ ಮುಂಚೆಯೇ ಕಾಪಾಡಿದೆ.

ಮಾರನೆಯ ಬೆಳಿಗ್ಗೆ ಬೂದಿಯ ಗೂಡು ತೊಳೆದು, ಒದ್ದೆಯಾದದ್ದನ್ನೆಲ್ಲ ಸೊಸೆ ಹೊರಗೆ ತಂದು ಹಾಕಿದಳು. ಕಂಡಕ್ಟರಮ್ಮ ಅದರಲ್ಲಿ ಒಂದನ್ನು ಎತ್ತಿ ಹಿಡಿದು ನೋಡಿದಳು.

"ಇದ್ಯಾರದ್ದೇ? ನಮ್ಮ ಮನೇದಾ?"

"ಅವರದ್ದೇ. ಬೀಗದವರದ್ದು."

"ಅವನದ್ದು ಕರ್ರಗಿತ್ತಲ್ಲೇ. ಇದು ಬೆಳ್ಳಗಿದೆ."

"ಒಗೆದಿದ್ದೆ."

"ಯಾವಾಗ? ನಿನ್ನೆನಾ?"

"ಇಲ್ಲ. ಕೊಟ್ಟ ದಿನಾನೇ. ಎಣ್ಣೆ ಇತ್ತು, ಅದಕ್ಕೆ ಔಷಧಿ ನೀರಲ್ಲಿ..."

 ಕಂಡಕ್ಟರಮ್ಮ ಟವೆಲನ್ನು ಮೂಗಿಗೆ ಹಿಡಿದಳು, ಆಮೇಲೆ ಸೊಸೆಯ ಮೂಗಿಗೆ ಹಿಡಿದಳು. ಬೂದಿಯ ವಾಸನೆ, ಔಷಧಿ ನೀರಿನ ವಾಸನೆ, ಅಡಿಯಲ್ಲಿ ಸೊಸೆಯ ಕೈಯ ಅದೇ ಸೋಪಿನ ವಾಸನೆ. ಬೇರೆ ಯಾರದೂ ಇರಲಿಲ್ಲ. ಇಷ್ಟು ದಿನ ಬೂದಿ ಮೂಸಿ ಮಲಗಿದ್ದು ಸೊಸೆಯ ವಾಸನೆಯನ್ನೇ. ಗೂಡಿನೊಳಗೆ ಬಂದು ಕೂತವನು ಬೂದಿಯ ಮಟ್ಟಿಗೆ ಯಾರೋ ಹೊಸ ಗಂಡಸು, ಕಬ್ಬಿಣ ನಾರುವ ಗಂಡಸು, ಹತ್ತಿರ, ತೀರ ಹತ್ತಿರ.

ಸದಾ ಕೂಗುವ ಕಂಡಕ್ಟರಮ್ಮ ಕೂಗಲಿಲ್ಲ. ಅದರಿಂದಲೇ ಸೊಸೆಗೆ ಹೆಚ್ಚು ಹೆದರಿಕೆಯಾಯಿತು.

"ಅವನ ಮುಖದ ಮೇಲೇ ಅಂದೆಯಲ್ಲೇ" ಎಂದಳು. "ಫೋನಲ್ಲಿ ನಾನು ಹೇಳಲ್ಲ. ನೀನು ಹೋಗು. ಬಾಯಿ ನಿನ್ನದೇ ಇತ್ತು, ನಿನ್ನೆ ಚೆನ್ನಾಗೇ ನಡೀತಿತ್ತು."

ಸೊಸೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯೊಳಗೇ ಜೋಡಿಸಿಕೊಂಡಳು. ಟವೆಲ್ ಒಗೆದೆ. ತಪ್ಪು ನನ್ನದು. ನಾಯಿಯದಲ್ಲ, ನಿಮ್ಮದಲ್ಲ.

ಬೀದಿಯ ತಿರುವಿನಲ್ಲಿ ಅವಳನ್ನು ಮೊದಲು ಕಂಡವಳು ಲಾಂಡ್ರಿಯವಳು. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಹೊರಗೇ ಬಂದಳು.

"ಬನ್ನಿಮ್ಮಾ. ಏನಾಯ್ತು ನಿಮ್ಮ ಕೇಸು?"

"ಯಾವ ಕೇಸು?"

"ನಮ್ಮ ಹತ್ರ ಮುಚ್ಚಿಡಬೇಡಿ. ನೀವು ವಿಚಾರಿಸಿಕೊಂಡು ಹೋದ್ರಲ್ಲ, ಅವತ್ತೇ ಬೀದಿಗೆಲ್ಲ ಗೊತ್ತಾಯ್ತು. ರಾತ್ರಿ ಎಲ್ಲಿ ಹೋಗ್ತಾನೆ, ಹೆಂಡ್ತಿಗೆ ಏನು ಮಾಡಿದ ಅಂತ ಸುಮ್ಸುಮ್ನೆ ಯಾರು ಕೇಳ್ತಾರೆ? ಅದೂ ಬೀಗದವನ ಬಗ್ಗೆ."

ಸೊಸೆ ಅಂಗಡಿಯ ಕಡೆ ನೋಡಿದಳು. ಬೀಗದವನು ಮೇಜಿನ ಮುಂದೆ ಕೂತು ಕೀ ಒಂದರ ಹಲ್ಲುಗಳನ್ನು ಅರದಿಂದ ಉಜ್ಜುತ್ತಿದ್ದ. ಅವನ ತಲೆಯ ಮೇಲೇ ಎಂಬಂತೆ ಒಬ್ಬ ಗಿರಾಕಿ ನಿಂತಿದ್ದ. ಬಾಗಿಲಿನಿಂದ ಬಿಚ್ಚಿ ತಂದ ಬೀಗವನ್ನು ಅವನ ಕೈಗೆ ಕೊಡದೆ, ತಾನೇ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಒಂದೇ ಕೀ ಮಾಡು, ಇನ್ನೊಂದು ಇಟ್ಟುಕೊಂಡೀಯ ಎನ್ನುವ ನೋಟ. ಕೀ ಮುಗಿಯಿತು, ಅದನ್ನು ಕಸಿದ ಹಾಗೆ ತೆಗೆದುಕೊಂಡು ಗಿರಾಕಿ ಹೋದ.

"ಅಣ್ಣ" ಎಂದಳು ಸೊಸೆ.

ಅವನು ಇನ್ನೊಂದು ಕೀಯನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿದ.

"ಅಣ್ಣ, ನಿಮ್ಮ ಟವೆಲನ್ನ ನಾನು ಒಗೆದುಬಿಟ್ಟಿದ್ದೆ. ಒಗೀಬಾರದಿತ್ತು. ಅವಳಿಗೆ ನಿಮ್ಮ ವಾಸನೆ ಸಿಕ್ಕೇ ಇರಲಿಲ್ಲ. ಅದಕ್ಕೇ ಹೆದರಿದಳು. ನಾನು ಆಡಿದ ಮಾತು ತಪ್ಪು."

ಜೋಡಿಸಿಕೊಂಡು ಬಂದದ್ದು ಅಷ್ಟೇ. ಮುಗಿದುಹೋಯಿತು.

ಅವನು ಅರ ಕೆಳಗಿಟ್ಟ. ಎದ್ದು ಒಳಗೆ ಹೋಗಿ ಆ ಕೊನೆಯ ಬಾಗಿಲನ್ನು ಪೂರ್ತಿ ತೆರೆದ. ಅದಕ್ಕೀಗ ಬೀಗ ಇರಲಿಲ್ಲ. ಒಳಗೆ ಖಾಲಿ ಮರದ ಕಪಾಟುಗಳು, ಟ್ರಂಕು ಪೆಟ್ಟಿಗೆಗಳು ಒರಗಿದ್ದ ಗೋಡೆಯ ಮೇಲೆ ಚೌಕ ಚೌಕ ಗುರುತು. ಬರೀ ಧೂಳು.

"ಕೇಳಿದ್ರಲ್ಲ, ಏನಿದೆ ಅಂತ" ಎಂದ. "ಊರಿಗೆ ಹೋಗೋರು ಮನೆ ಕೀ, ಪೆಟ್ಟಿಗೆ ತಂದು ಇಟ್ಟುಹೋಗೋರು. ನನ್ನ ಅಪ್ಪನ ಕಾಲದಿಂದ. ಈ ವಾರ ಎಲ್ಲರೂ ಬಂದು ತಗೊಂಡು ಹೋದ್ರು. ಕೆಲಸ ಇತ್ತು, ಬೇಕಾಗಿತ್ತು, ಸುಮ್ನೆ ಅಂದ್ರು."

 ಸೊಸೆ ಗಿರ್ರನೆ ತಿರುಗಿ ಬೀದಿಗಿಳಿದಳು. ಜನ್ಮದಲ್ಲಿ ಎಂದೂ ಎತ್ತದ ದನಿ ಎತ್ತಿದಳು.

"ನಾನು ಕೇಳಿದ್ದು ನಾಯಿಗೋಸ್ಕರ. ಇವರು ಒಂದು ನಾಯಿ ಕೇಳಿದ್ರು. ಮನೆ ಹೇಗಿದೆ ಅಂತ ವಿಚಾರಿಸಿದೆ, ಅಷ್ಟೇ. ಬೇರೆ ಏನೂ ಇಲ್ಲ."

ಚಪ್ಪಲಿಯವನು ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ನೋಡಿದ. ಪೇಪರ್ ಅಂಗಡಿಯಲ್ಲಿ ಇಬ್ಬರು ಕತ್ತು ಹೊರಗೆ ಹಾಕಿದರು. ಲಾಂಡ್ರಿಯವಳು ಕನ್ನಡಕ ಸರಿಮಾಡಿಕೊಂಡಳು.

"ನಾಯಿಗೋಸ್ಕರ ಹೆಂಡ್ತಿ ವಿಷಯ ಕೇಳ್ತಾರೇನಮ್ಮಾ?"

"ಹೌದು. ಹೊಡೆಯೋ ಮನೆ ಆಗಿರಬಾರದು ಅಂತ."

"ಅವತ್ತು ಹೇಳಲಿಲ್ಲ. ಎರಡು ಸಲ ಯಾಕೆ ಅಂತ ಕೇಳಿದೆ ನಾನು. ಇವತ್ತು ಅವನ ಅಂಗಡಿಯಿಂದ ಇಳಿದು ಬಂದು ಹೇಳ್ತಿದ್ದೀರಿ." ಪಕ್ಕದವನ ಕಡೆ ತಿರುಗಿ ಸಣ್ಣ ದನಿಯಲ್ಲಿ, ಆದರೆ ಕೇಳುವ ಹಾಗೇ, "ಹೆದರಿಸಿರಬೇಕು ಪಾಪ" ಎಂದಳು.

"ಇಲ್ಲ..."

"ಆಯ್ತು ಬಿಡಿ. ನಾವ್ಯಾಕೆ ಬಾಯಿ ಹಾಕೋಣ."

ಕತ್ತುಗಳು ಒಳಗೆ ಹೋದವು. ಒಂದೂ ಕಣ್ಣು ಒಳಗೆ ಹೋಗಲಿಲ್ಲ. ನಂಬಿ ಎಂದು ಎಷ್ಟು ಹೇಳಿದರೂ ನಂಬದೆ ನೋಡುವುದು ಹೇಗಿರುತ್ತದೆ ಎನ್ನುವುದನ್ನು ಸೊಸೆ ಈಚೆ ಬದಿಯಲ್ಲಿ ನಿಂತು ಕಂಡದ್ದು ಇದೇ ಮೊದಲು.

ಅವಳು ಮತ್ತೆ ಅಂಗಡಿಯ ಮೆಟ್ಟಿಲ ಹತ್ತಿರ ಬಂದಳು. ಬೀಗದವನು ಕೂತಾಗಿತ್ತು. ಮೇಜಿನ ಕೆಳಗೆ ರಟ್ಟಿನ ಗೋಡೆ, ಅರ್ಧ ಪರದೆ ಹಾಗೇ ಇದ್ದವು. ಅವನು ಅದನ್ನು ತೆಗೆದಿರಲಿಲ್ಲ. ಅಥವಾ ತೆಗೆಯಲು ಇನ್ನೂ ಪುರಸೊತ್ತಾಗಿರಲಿಲ್ಲವೋ ಏನೋ, ಅವಳಿಗೆ ಗೊತ್ತಾಗಲಿಲ್ಲ. ಅವನ ಮುಖ ನೋಡಿ ತಿಳಿಯೋಣವೆಂದರೆ ಅವನು ಮುಖವನ್ನೇ ಎತ್ತುತ್ತಿರಲಿಲ್ಲ.

ಗೋದಾಮಿನಲ್ಲಿ ಬೂದಿ ಬೆಳಗಿನಿಂದ ನೀರು ಕೂಡ ಮುಟ್ಟಿರಲಿಲ್ಲ. ಅದನ್ನು ಹೇಳಬೇಕೆಂದುಕೊಂಡಳು, ಹೇಳಿದರೆ ಕನಿಕರ ಬೇಡಿದ ಹಾಗಾಗುತ್ತದೆಂದು ಬಿಟ್ಟಳು.

"ನಾಳೆ ಒಂದ್ಸಲ ಬನ್ನಿ ಅಣ್ಣ" ಎಂದಳು. "ಬೂದಿ ಹತ್ರ ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಅವನು ಕೀಯ ಪುಡಿಯನ್ನು ಊದಿ, ಬೆಳಕಿಗೆ ಹಿಡಿದು, ಹಲ್ಲುಗಳನ್ನು ನೋಡಿದ. ಮತ್ತೆ ಇಕ್ಕಳಕ್ಕೆ ಸಿಕ್ಕಿಸಿ ಅರ ಎಳೆಯತೊಡಗಿದ.